ಊರೆಲ್ಲಾ ಕೈಸನ್ನೆ ಬಲ್ಲ ದ್ವೀಪ

ಹುಟ್ಟಿದಂದಿನಿಂದ ಕಿವಿ ಕೇಳದವನಿಗೆ ನಮ್ಮ ಹಳ್ಳಿಗಳಲ್ಲಿ ಹೆಸರು ಉಳಿಯುವದು ಅಪರೂಪ. ತಾಯಿತಂದೆಗಳು ಇಟ್ಟ ಹೆಸರು ಸಭೆಯ ಪಟ್ಟಿಯಲ್ಲಿ ಬರೆದಿರುವದು. ಜನರ ಬಾಯಲ್ಲಾದರೋ "ಮೂಗ" ಎಂಬದೊಂದೇ ನಿಲ್ಲುವದು. ಅವನಿಗೆ ಹಸಿವೆ ಉಂಟೋ, ಮೈಗೆ ಸುಖವಿಲ್ಲವೋ, ಮದುವೆಗೆ ಮನಸ್ಸುಂಟೋ ಎಂದು ತಿಳಿಯಬೇಕಾದರೆ ನಾವು ಅವನ ಅಣ್ಣನನ್ನು ಕೇಳುತ್ತೇವೆ. ಅವನಾದರೋ ಅಲ್ಲಿಯೇ ನಮ್ಮ ಮುಂದೆ ನಿಂತಿರುತ್ತಾನೆ. ಹೀಗೆ ಮಾಡುವವರು ಕೆಟ್ಟವರೆಂದು ನಾವು ಹೇಳುವದಿಲ್ಲ. ಬಹಳ ಮಟ್ಟಿಗೆ ಕನಿಕರವುಳ್ಳವರೇ. ಆದರೂ ಬೇರೆ ರೀತಿಯಲ್ಲಿ ಬಾಳುವದು ಸಾಧ್ಯವೆಂಬದಕ್ಕೆ ಒಂದು ದ್ವೀಪದ ಚರಿತ್ರೆಯು ಸಾಕ್ಷಿಯಾಗಿರುವದರಿಂದ ಅದನ್ನು ಈ ತಿಂಗಳ ಪಾಠಕ್ಕಾಗಿ ಆರಿಸಿಕೊಂಡಿದ್ದೇವೆ.

ಅಮೇರಿಕದ ಮಸ್ಸಾಚುಸೆಟ್ಸ್ ಸೀಮೆಯ ಕಡಲತೀರದ ಸಮೀಪದಲ್ಲಿ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪವುಂಟು. ಅಲ್ಲಿಯವರು ಪೂರ್ವದಲ್ಲಿ ಬೇಸಾಯಗಾರರೂ ಮೀನುಗಾರರೂ ಆಗಿದ್ದರು. 1694ರಲ್ಲಿ ಜೋನತಾನ್ ಲ್ಯಾಂಬರ್ಟ್ ಎಂಬ ಕಿವುಡನು ಅಲ್ಲಿಗೆ ಬಂದು ನೆಲಸಿದನು. ದ್ವೀಪದವರು ತಮ್ಮ ತಮ್ಮೊಳಗೇ ಹೆಣ್ಣು ಕೊಟ್ಟು ತರುತ್ತಲಿದ್ದದರಿಂದ ತಲೆತಲಾಂತರವಾಗಿ ಕಿವುಡು ಮಕ್ಕಳು ಹುಟ್ಟುತ್ತಾ ಬಂದರು. ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಅಮೇರಿಕ ದೇಶದಲ್ಲೆಲ್ಲಾ 5,728 ಜನರಿಗೆ ಒಬ್ಬನು ಹುಟ್ಟುಕಿವುಡನಾಗಿದ್ದರೆ, ಈ ದ್ವೀಪದಲ್ಲಿ 155 ಜನರಿಗೆ ಒಬ್ಬನೂ, ಅಲ್ಲಿಯ ಚಿಲ್‌ಮಾರ್ಕ್ ಊರಲ್ಲಿ 25 ಜನರಿಗೆ ಒಬ್ಬನೂ ಕಿವುಡರಾಗಿದ್ದರೆಂದು ಲೆಕ್ಕಮಾಡಿದ್ದಾರೆ.

ಆ ಊರವರು ಮಾಡಿದ್ದೇನಂದರೆ, ಕಿವಿ ಕೇಳುವವರೂ ಕೈಸನ್ನೆಯನ್ನು ಕಲಿತರು. ಯಾರೂ ಶಾಲೆ ಇಟ್ಟು ಕಲಿಸಲಿಲ್ಲ. ಮಗುವು ತೊದಲುಮಾತನ್ನು ಕಲಿಯುವ ಹಾಗೆಯೇ ಮನೆಯಲ್ಲಿಯೂ ಬೀದಿಯಲ್ಲಿಯೂ ಅದನ್ನು ಕಲಿಯುತ್ತಿತ್ತು. ಅಂಗಡಿಯಲ್ಲಿ, ಊರಸಭೆಯಲ್ಲಿ, ದೇವಾಲಯದಲ್ಲಿ ಕೈಗಳು ಮಾತಾಡುತ್ತಲಿದ್ದವು. ಕಡಲಿನ ಮೇಲೆ ಒಂದು ದೋಣಿಯಿಂದ ಇನ್ನೊಂದು ದೋಣಿಗೆ ಕೂಗು ಮುಟ್ಟದಿರುವಾಗ ಕಿವಿಯುಳ್ಳವರು ಸಹ ಸನ್ನೆಯಿಂದಲೇ ಮಾತಾಡಿಕೊಂಡರು. ಕಿವುಡರು ಮದುವೆಯಾದರು, ಹೊಲಮನೆ ಮಾಡಿದರು, ಊರ ಉದ್ಯೋಗಗಳನ್ನು ನಡಿಸಿದರು. 1817ರಲ್ಲಿ ಹಾರ್ಟ್‌ಫರ್ಡ್ ಪಟ್ಟಣದಲ್ಲಿ ಕಿವುಡರ ಶಾಲೆಯು ಸ್ಥಾಪಿತವಾದ ಮೇಲೆ ದ್ವೀಪದ ಕಿವುಡು ಮಕ್ಕಳು ಅಲ್ಲಿಗೆ ಹೋಗಿ ಚೆನ್ನಾಗಿ ಓದು ಕಲಿತು ಬಂದದರಿಂದ, ಕಿವಿ ಕೇಳುವ ನೆರೆಯವರೇ ವರ್ತಮಾನಪತ್ರವನ್ನೂ ಕಾಗದಪತ್ರಗಳನ್ನೂ ಅವರ ಬಳಿಗೆ ತಂದು ಅರ್ಥ ಕೇಳಿದ್ದುಂಟು. ನಮ್ಮ ಊರುಗಳಲ್ಲಿ ಇಂಥದನ್ನು ಯಾರು ಕಂಡಿದ್ದಾರೆ!

ನೋರಾ ಎಲೆನ್ ಗ್ರೋಸ್ ಎಂಬ ವಿದುಷಿಯು ಈ ಸಂಗತಿಗಳನ್ನು ಅಲ್ಲಿಯ ಮುದುಕರಿಂದ ಕೇಳಿ 1985ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಹಿಂದಿನ ಕಾಲದ ಇಬ್ಬರ ವಿಷಯ ಆಕೆಯು ವಿಚಾರಿಸಿದಾಗ, ಅವರು ಒಳ್ಳೇ ಮೀನುಗಾರರೆಂಬದು ಮೊದಲು ನೆನಪಿಗೆ ಬಂತು. ಕಿವುಡರಾಗಿದ್ದರಲ್ಲವೇ ಎಂದು ಆಕೆಯೇ ಕೇಳಿದ ಮೇಲೆ, ಹೌದು, ಅದೂ ಇತ್ತು ಎಂಬ ಭಾವದಿಂದ ಉತ್ತರ ದೊರಕಿತು. ಆ ಸನ್ನೆಯ ಪರಂಪರೆಯಲ್ಲಿ ಬೆಳೆದ ಕಡೇ ಕಿವುಡ ಸ್ತ್ರೀಯು 1952ರಲ್ಲಿ ತೀರಿಹೋದಳು.

ಇದಕ್ಕೆ ವಿರೋಧವಾದದ್ದು ಇಟಾಲ್ಯ ದೇಶದ ಮಿಲಾನ್ ನಗರದಲ್ಲಿ ನಡೆಯಿತು. ಅಲ್ಲಿ 1880ರಲ್ಲಿ ಕಿವುಡರ ಉಪಾಧ್ಯಾಯರು ಮಹಾಸಭೆ ಕೂಡಿ, ಕಿವುಡು ಮಕ್ಕಳಿಗೆ ಬಾಯಿಮಾತನ್ನೇ ಕಲಿಸತಕ್ಕದ್ದು, ಸನ್ನೆಯನ್ನು ಬಿಡಿಸತಕ್ಕದ್ದು ಎಂದು ತೀರ್ಮಾನಿಸಿದರು. ಒಂದು ನೂರ ಅರುವತ್ತಕ್ಕಿಂತ ಹೆಚ್ಚು ಮಂದಿ ಕೂಡಿದ್ದ ಆ ಸಭೆಯಲ್ಲಿ ಕಿವುಡರು ಒಬ್ಬಿಬ್ಬರು ಮಾತ್ರ. ಅವರೆಲ್ಲರೂ ಮಕ್ಕಳ ಹಿತವನ್ನೇ ಕೋರಿದವರು. ಆದರೆ ಆಮೇಲೆ ಎಷ್ಟೋ ಶಾಲೆಗಳಲ್ಲಿ ಮಕ್ಕಳ ಕೈ ಕಟ್ಟಿದರು. ಕಿವುಡ ಉಪಾಧ್ಯಾಯರು ಕೆಲಸ ಕಳಕೊಂಡರು. 2010ರಲ್ಲಿ ವ್ಯಾಂಕೂವರ್ ನಗರದಲ್ಲಿ ಕೂಡಿದ ಅಂಥದೇ ಮಹಾಸಭೆಯು ಆ ತೀರ್ಮಾನವನ್ನು ತಳ್ಳಿಬಿಟ್ಟು ವಿಷಾದವನ್ನು ಸೂಚಿಸಿತು. ನೂರಮೂವತ್ತು ವರುಷ ಹಿಡಿಯಿತು.

ನಮ್ಮ ಸೀಮೆಗೂ ಈ ವಿಷಯ ದೂರವಾದದ್ದಲ್ಲ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆ ನಮ್ಮಲ್ಲಿ ಬಹಳ. ರಕ್ತಸಂಬಂಧದ ಮದುವೆಯಲ್ಲಿ ಮಗುವು ಹುಟ್ಟುಕಿವುಡಾಗುವ ಸಂಭವವು ಹೆಚ್ಚೆಂದು ವೈದ್ಯರು ಬಲ್ಲರು. ತಾಯಿತಂದೆಗಳಿಬ್ಬರಿಗೂ ಕಿವಿ ಚೆನ್ನಾಗಿದ್ದರೂ ಈ ಗುಣವು ಅಡಗಿ ಬರುವದುಂಟು. ಆದದರಿಂದ ಯಾರ ಪಾಪದ ಫಲವಿದು ಎಂದು ಪಿಸುಗುಟ್ಟುವವರು ಬಾಯಿ ಮುಚ್ಚಿಕೊಳ್ಳಲಿ. ಶಿಶುವು ಸದ್ದಿಗೆ ಬೆಚ್ಚದಿದ್ದರೆ ಹರಕೆ ಹೊತ್ತು ಕಾಲ ಕಳೆಯದೆ ಬೇಗನೇ ವೈದ್ಯರಿಗೆ ತೋರಿಸಬೇಕು. ಮೈಸೂರಿನಲ್ಲಿ 1965ರಿಂದ ವಾಕ್ ಮತ್ತು ಶ್ರವಣ ಸಂಸ್ಥೆಯು ಇದೆ. ದಿಲ್ಲಿಯಲ್ಲಿ ಭಾರತೀಯ ಸನ್ನೆಭಾಷೆಯ ಸಂಸ್ಥೆಯು 2015ರಲ್ಲಿ ಸ್ಥಾಪಿತವಾಗಿ, 2021ರ ವರೆಗೆ 10,000 ಪದಗಳ ಕೋಶವನ್ನು ಸಿದ್ಧಮಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಸನ್ನೆಯ ಭಾಷೆಯನ್ನೂ ಸಂವಹನದ ಸಾಧನವೆಂದು ಎಣಿಸಿದೆ.

ಇಷ್ಟು ಬರೆದ ನಾವು ನಮ್ಮ ತಪ್ಪನ್ನೂ ಹೇಳಬೇಕು. ನಮಗೆ ಪರಿಚಿತವಾದ ಒಂದು ಹಳ್ಳಿಯಲ್ಲಿ ಕಿವುಡ ತರುಣನೊಬ್ಬನಿದ್ದಾನೆ. ಅವನಿಗೆ ಜೀವನೋಪಾಯವಾಗಲೆಂದು ನಾವು ಹಿರಿಯರು ಕೂಡಿ ಹಣವೆತ್ತಿ, ಹೊಲಿಗೆಯ ಯಂತ್ರವನ್ನು ಕೊಂಡು, ಪೇಟೆಗೆ ಕಲಿಯಲು ಕಳುಹಿಸಿದೆವು. ತಿಂಗಳು ತುಂಬುವಷ್ಟರಲ್ಲಿ ಅವನು ಹಿಂತಿರುಗಿದನು. ಉಪಕಾರ ತಿಳಿಯದವನೆಂದು ಕೆಲವರು ಬೈದರು. ನಾವೂ ಮನಸ್ಸಿನಲ್ಲಿ ಅಂದುಕೊಂಡೆವು. ಅವನ ಸನ್ನೆಯನ್ನೆಲ್ಲಾ ಬಲ್ಲವಳು ತಂಗಿಯೊಬ್ಬಳೇ. ಒಂದು ಸಾಯಂಕಾಲ ಆಕೆಯನ್ನು ಕೂಡ್ರಿಸಿಕೊಂಡು, ಅವಳ ಕಡೆಗಲ್ಲ, ಅವನ ಮುಖವನ್ನೇ ನೋಡಿ, ನಿನಗೇನು ಬೇಕೆಂದು ಕೇಳಿದೆವು. ಬಹಳ ಹೊತ್ತು ಅವನ ಕೈಗಳು ನಿಲ್ಲಲಿಲ್ಲ. ಪೇಟೆಯಲ್ಲಿ ಸನ್ನೆ ಬಲ್ಲವರು ಒಬ್ಬರೂ ಇರಲಿಲ್ಲ. ಅವನು ಸಾಕಿದ ಎರಡು ಎಮ್ಮೆಗಳನ್ನು ಅವನನ್ನು ಕೇಳದೆ ಮಾರಿಬಿಟ್ಟಿದ್ದರು. ಯಂತ್ರವು ತಂಗಿಗೆ ಇರಲಿ, ತನಗೆ ಒಂದು ಎಮ್ಮೆಕರುವಾದರೂ ಸಾಕು ಎಂದನು.

ಹೊರಡುವಾಗ ಅವನು ನಮ್ಮನ್ನು ತೋರಿಸಿ ಬೆರಳುಗಳನ್ನು ಹೆಬ್ಬೆರಳಿಗೆ ತಾಗಿಸಿ ಬಿಡಿಸಿ ಏನೋ ಸನ್ನೆ ಮಾಡಿದನು. ತಂಗಿಯು ನಾಚಿ ತಲೆ ತಗ್ಗಿಸಿದಳು. ಬಹಳ ಒತ್ತಾಯ ಮಾಡಿದ ಮೇಲೆ, "ಅಯ್ಯನವರೇ, ಅದು ನಿಮಗೆ ಅಣ್ಣನು ಇಟ್ಟ ಹೆಸರು, ಯಾವಾಗಲೂ ಬಾಯಾಡಿಸುವವರು ಎಂದು ಅರ್ಥ" ಅಂದಳು.