ಎರಡು ಮೈಸೂರು: ಪೈಥಾನ್‌ನಲ್ಲಿ ಸೆಟ್‌ಗಳು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ಮೈಸೂರು ಜಿಲ್ಲೆಯವೇ. ಆದರೆ ಲೋಕಸಭಾ ಚುನಾವಣೆಯಲ್ಲಿ ಹುಣಸೂರು, ಪಿರಿಯಾಪಟ್ಟಣದವರು ಮೈಸೂರು ಕ್ಷೇತ್ರಕ್ಕೆ, ಕೆ.ಆರ್. ನಗರದವರು ಮಂಡ್ಯಕ್ಕೆ, ಕೋಟೆಯವರು ಚಾಮರಾಜನಗರಕ್ಕೆ ಮತ ಹಾಕುತ್ತಾರೆ. ‘ಮೈಸೂರು’ ಎಂಬ ಒಂದೇ ಹೆಸರಿನಲ್ಲಿ ಎರಡು ಗಣಗಳಿವೆ. ಪೈಥಾನ್‌ನಲ್ಲಿ ಗಣಕ್ಕೆ ಸೆಟ್ ಎನ್ನುತ್ತಾರೆ.

‘ಜಿಲ್ಲೆ’ ಎಂಬ ಸೆಟ್‌ನಲ್ಲಿ 11 ವಿಧಾನಸಭಾ ಕ್ಷೇತ್ರಗಳಿವೆ: ನಮ್ಮ ನಾಲ್ಕು, ನಂಜನಗೂಡು, ವರುಣ, ಟಿ. ನರಸೀಪುರ, ಚಾಮುಂಡೇಶ್ವರಿ, ಕೃಷ್ಣರಾಜ, ಚಾಮರಾಜ, ನರಸಿಂಹರಾಜ. ‘ಲೋಕಸಭೆ’ ಎಂಬ ಸೆಟ್‌ನಲ್ಲಿ 8: ಹುಣಸೂರು, ಪಿರಿಯಾಪಟ್ಟಣ, ಈಗ ಹೇಳಿದವುಗಳಲ್ಲಿ ಕೊನೆಯ ನಾಲ್ಕು, ಜೊತೆಗೆ ಕೊಡಗಿನ ಮಡಿಕೇರಿ ಮತ್ತು ವಿರಾಜಪೇಟೆ. ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರನ್ನೇ ಕೊಡಬಹುದು. (ಲ್ಯಾಬ್‌ನಲ್ಲಿ ಒಮ್ಮೆ ಮಾಡಿ ನೋಡಿ, ಖುಷಿಯಾಗುತ್ತದೆ.)

ಜಿಲ್ಲೆ & ಲೋಕಸಭೆ
ಜಿಲ್ಲೆ | ಲೋಕಸಭೆ
ಜಿಲ್ಲೆ - ಲೋಕಸಭೆ
ಲೋಕಸಭೆ - ಜಿಲ್ಲೆ

ಮೊದಲನೆಯದು ಛೇದನ, ಎರಡರಲ್ಲೂ ಇರುವ 6 ಕ್ಷೇತ್ರ. ಎರಡನೆಯದು ಸಂಯೋಗ. 11 ಮತ್ತು 8 ಕೂಡಿದರೆ 19 ಆದರೂ 6 ಹೆಸರು ಎರಡು ಸಲ ಬಂದಿವೆ, ಸೆಟ್ ಒಂದನ್ನು ಒಂದೇ ಸಲ ಇಟ್ಟುಕೊಳ್ಳುತ್ತದೆ, ಆದ್ದರಿಂದ ಉತ್ತರ 13. ಕಳೆಯುವಾಗ ಮಾತ್ರ ಯಾವುದು ಮೊದಲು ಎಂಬುದು ಮುಖ್ಯ: ಮೂರನೆಯದರಲ್ಲಿ 5, ನಾಲ್ಕನೆಯದರಲ್ಲಿ ಕೊಡಗಿನ 2.

ಇಷ್ಟು ಸುಲಭ. ಕಷ್ಟ ಇರುವುದು ಹೆಸರುಗಳಲ್ಲಿ. ಒಂದು ಸೆಟ್‌ನಲ್ಲಿ ‘ಕೆ.ಆರ್. ನಗರ’, ಇನ್ನೊಂದರಲ್ಲಿ ‘ಕೃಷ್ಣರಾಜನಗರ’ ಎಂದಿದ್ದರೆ ಪೈಥಾನ್‌ಗೆ ಅವು ಎರಡು ಊರು. ಊರಿನ ಹೆಸರಾದರೆ ನಾವೇ ಗುರುತಿಸಿ ಸರಿಮಾಡಬಹುದು. ಮನುಷ್ಯರ ಹೆಸರಾದರೆ? ಉರ್ದುವಿನಲ್ಲಿ ನಮ್ಮ ಅಬ್ಬಾ ಹೆಸರಿಗೆ ಒಂದೇ ಕಾಗುಣಿತ. ಕನ್ನಡದ ಕಾಗದಗಳಲ್ಲಿ ಒಂದು ಕಡೆ ಮೊಹಮ್ಮದ್, ಇನ್ನೊಂದು ಕಡೆ ಮಹಮ್ಮದ್. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದವರ ಸೆಟ್ ಮತ್ತು ಆದಾಯ ಪತ್ರ ಕೊಟ್ಟವರ ಸೆಟ್ ಎರಡಕ್ಕೂ & ಹಾಕಿದರೆ, ಎರಡನ್ನೂ ಕೊಟ್ಟ ಹುಡುಗನೊಬ್ಬ ಒಂದು ಅಕ್ಷರದ ವ್ಯತ್ಯಾಸಕ್ಕೆ ಪಟ್ಟಿಯಿಂದ ಬಿದ್ದುಹೋಗಬಹುದು. ಎರರ್ ಕೂಡ ಬರುವುದಿಲ್ಲ. ಇದರ ಉಲ್ಟಾ ಕೂಡ ಉಂಟು: ತರಗತಿಯಲ್ಲಿ ಇಬ್ಬರು ಆಯಿಷಾ ಬಾನು ಇದ್ದರೆ ಸೆಟ್‌ನಲ್ಲಿ ಉಳಿಯುವವಳು ಒಬ್ಬಳೇ. ಆದ್ದರಿಂದ ಜನರ ಪಟ್ಟಿಗೆ ಸೆಟ್ ಬಳಸುವಾಗ ಹೆಸರು ಬೇಡ, ರಿಜಿಸ್ಟರ್ ನಂಬರ್ ಹಾಕಿ.

ಅಭ್ಯಾಸಕ್ಕೆ ಒಂದು ಲೆಕ್ಕ. ಮಂಡ್ಯ ಮತ್ತು ಚಾಮರಾಜನಗರ ಲೋಕಸಭಾ ಕ್ಷೇತ್ರಗಳಿಗೂ ಒಂದೊಂದು ಸೆಟ್ ಮಾಡಿ, ‘ಜಿಲ್ಲೆ’ ಜೊತೆ & ಹಾಕಿ. ಮಂಡ್ಯಕ್ಕೆ 1, ಚಾಮರಾಜನಗರಕ್ಕೆ 4 ಬರಬೇಕು. ಕೂಡಿದರೆ ಮೇಲಿನ ಆ 5. ಬರದಿದ್ದರೆ ಮೊದಲು ಕಾಗುಣಿತ ನೋಡಿ.