ನಡುವೆ ಅಡಗಿದ ತಪ್ಪುಗಳು

ಬರ್ಲಿನ್‌ನ ಹೊಸ ವಿಮಾನ ನಿಲ್ದಾಣ 2012ರ ಜೂನ್ 3ರಂದು ತೆರೆಯಬೇಕಿತ್ತು. ಟರ್ಮಿನಲ್ ಎದ್ದು ನಿಂತಿತ್ತು, ಉದ್ಘಾಟನೆಗೆ ತಯಾರಿ ನಡೆದಿತ್ತು. ಇನ್ನು ನಾಲ್ಕು ವಾರವೂ ಇಲ್ಲ ಎನ್ನುವಾಗ, ಮೇ 8ರಂದು, ಆಡಳಿತದವರು ಪತ್ರಕರ್ತರನ್ನು ಕರೆದು ಉದ್ಘಾಟನೆ ಮುಂದಕ್ಕೆ ಹೋಗಿದೆ ಎಂದರು. ಬೆಂಕಿ ಬಿದ್ದರೆ ಹೊಗೆಯನ್ನು ಹೊರಗೆಳೆಯಬೇಕಾದ ವ್ಯವಸ್ಥೆ ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ. ಚಾವಣಿಯ ಮೇಲೆ ಹೊಗೆ ಕೊಳವೆಗಳು ಕಾಣಬಾರದೆಂದು ಹೊಗೆಯನ್ನು ಕೆಳಕ್ಕೆಳೆದು ನೆಲದಡಿಯಿಂದ ಸಾಗಿಸುವ ವಿನ್ಯಾಸ ಮಾಡಿದ್ದರು. ಬಿಸಿ ಹೊಗೆಯ ಸಹಜ ಗುಣ ಮೇಲೇರುವುದು. ಫ್ಯಾನು, ಡ್ಯಾಂಪರು, ಸ್ವಯಂಚಾಲಿತ ಬಾಗಿಲು, ಅಲಾರ್ಮು, ಇವೆಲ್ಲ ಒಂದೇ ಆಜ್ಞೆಗೆ ಒಟ್ಟಾಗಿ ಓಗೊಡಬೇಕಿತ್ತು, ಓಗೊಡಲಿಲ್ಲ. ಅಲಾರ್ಮ್ ಬಂದಾಗ ಬಾಗಿಲು ತೆರೆಯಲು ನೂರಾರು ಜನರನ್ನು ನಿಲ್ಲಿಸುವ ಯೋಚನೆಯನ್ನೂ ಒಂದು ಹಂತದಲ್ಲಿ ಮಾಡಿದ್ದರು. ನಿಲ್ದಾಣ ಕೊನೆಗೆ ತೆರೆದದ್ದು 2020ರ ಅಕ್ಟೋಬರ್ 31ರಂದು.

ಕಟ್ಟಡಗಳ ಕಮಿಷನಿಂಗ್ ಎಂಬ ವೃತ್ತಿ ಏಕಿದೆ ಎಂದು ಕೇಳುವ ಹೊಸ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಈ ಬರ್ಲಿನ್ ಕಥೆಯನ್ನೇ. ಇಷ್ಟು ವರ್ಷ ಸೈಟುಗಳಲ್ಲಿ ಓಡಾಡಿ ನಾನು ಕಲಿತದ್ದರಲ್ಲಿ ಮುಖ್ಯವಾದ ಮಾತು ಅದರಲ್ಲೇ ಇದೆ. ದೊಡ್ಡ ತಪ್ಪುಗಳು ಯಂತ್ರದೊಳಗೆ ಸಿಗುವುದು ಕಡಿಮೆ. ಒಬ್ಬ ಗುತ್ತಿಗೆದಾರನ ಕೆಲಸ ಮುಗಿದು ಇನ್ನೊಬ್ಬನದು ಶುರುವಾಗುವ ಜಾಗದಲ್ಲಿ ಅವು ಕೂತಿರುತ್ತವೆ. ಆ ಜಾಗಕ್ಕೆ ಯಾರೂ ವಾರಸುದಾರರಿಲ್ಲ. ಅದರ ಜವಾಬ್ದಾರಿ ಹೊರುವವರೇ ಕಮಿಷನಿಂಗ್ ಎಂಜಿನಿಯರುಗಳು.

ಬಳಕೆಗೆ ಕೊಡುವ ಮೊದಲು ಓಡಿಸಿ ಪರೀಕ್ಷಿಸುವ ಈ ರೂಢಿ ಬಂದದ್ದು ಹಡಗುಗಳಿಂದ. ಹೊಸ ಹಡಗನ್ನು ಸಮುದ್ರದಲ್ಲಿ ಓಡಿಸಿ ಪರೀಕ್ಷಿಸಿದ ಮೇಲೆಯೇ ಸೇವೆಗೆ ಸೇರಿಸಿಕೊಳ್ಳುತ್ತಿದ್ದರು. ಕಟ್ಟಡಗಳಿಗೆ ಇದನ್ನು ನಿಯಮವಾಗಿ ಬರೆಯಲು ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆ ಆಶ್ರೇ 1984ರಲ್ಲಿ ಸಮಿತಿ ಮಾಡಿತು. 1989ರಲ್ಲಿ ಮೊದಲ ಮಾರ್ಗಸೂಚಿ ಬಂತು, 2005ರಲ್ಲಿ ಇಡೀ ಕಟ್ಟಡಕ್ಕೆ ಅನ್ವಯಿಸುವ ಮಾರ್ಗಸೂಚಿ, 2013ರಲ್ಲಿ ಪೂರ್ಣ ಮಾನದಂಡ. ಲೀಡ್ ಹಸಿರು ಪ್ರಮಾಣಪತ್ರ ಬೇಕಾದವರಿಗೆ ಕಮಿಷನಿಂಗ್ ಕಡ್ಡಾಯ. ಬೆಂಗಳೂರಿನ ಬಹಳಷ್ಟು ಕಟ್ಟಡಗಳಿಗೆ ಈ ಕೆಲಸ ಕಾಲಿಟ್ಟದ್ದು ಆ ಬಾಗಿಲಿನಿಂದಲೇ.

ಬೆಂಗಳೂರಿನ ಒಂದು ಎತ್ತರದ ಕಚೇರಿ ಕಟ್ಟಡದ ಮೆಟ್ಟಿಲುಗಳ ಉದಾಹರಣೆ ನೋಡಿ. ಬೆಂಕಿ ಬಿದ್ದಾಗ ಜನ ಇಳಿದು ಬರುವ ಮೆಟ್ಟಿಲುದಾರಿಗೆ ಹೊಗೆ ನುಗ್ಗದಂತೆ ಒಳಗೆ ಗಾಳಿಯ ಒತ್ತಡ ಹೆಚ್ಚಿಸುವ ಫ್ಯಾನು ಇರುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಒಳಗೆ 50 ಪ್ಯಾಸ್ಕಲ್ ಹೆಚ್ಚು ಒತ್ತಡ ಬೇಕು. ಫ್ಯಾನಿನವರು ನಡು ಮಹಡಿಯಲ್ಲಿ ಅಳೆದಿದ್ದರು, 50 ಬಂದಿತ್ತು, ಸಹಿ ಆಗಿತ್ತು. ಬಾಗಿಲಿನವರು ಪ್ರತಿ ಬಾಗಿಲೂ ತಾನಾಗಿ ಮುಚ್ಚಿಕೊಂಡು ಲಾಚ್ ಬೀಳುವಂತೆ ಕ್ಲೋಸರನ್ನು ಬಿಗಿ ಮಾಡಿದ್ದರು, ಅದಕ್ಕೂ ಸಹಿ ಆಗಿತ್ತು. ರಾತ್ರಿ ಅಲಾರ್ಮ್ ಒತ್ತಿ ಎಲ್ಲವನ್ನೂ ಒಟ್ಟಿಗೆ ಓಡಿಸಿದಾಗ ಮೇಲಿನ ಮಹಡಿಯಲ್ಲಿ ಕಸ ಗುಡಿಸುತ್ತಿದ್ದ ಹೆಂಗಸೊಬ್ಬರು ಕೂಗಿದರು: "ತಳ್ಳಿದ್ರೂ ಹೋಗ್ತಿಲ್ಲ ಸಾರ್ ಬಾಗ್ಲು!"

ಲೆಕ್ಕ ಸರಳ. ಎರಡು ಚದರ ಮೀಟರ್ ಬಾಗಿಲಿನ ಮೇಲೆ 50 ಪ್ಯಾಸ್ಕಲ್ ಎಂದರೆ 100 ನ್ಯೂಟನ್. ಹಿಡಿ ಬಾಗಿಲಿನ ಅಂಚಿನಲ್ಲಿರುವುದರಿಂದ ಕೈಗೆ ಬೀಳುವುದು ಅದರ ಅರ್ಧದಷ್ಟು, ಸುಮಾರು ಐದು ಕಿಲೋ ತೂಕ ಎತ್ತುವ ಬಲ. ಅದರ ಮೇಲೆ ಕ್ಲೋಸರಿನ ಬಿಗಿ. ಫ್ಯಾನು ಇದ್ದದ್ದು ತಾರಸಿಯಲ್ಲಿ, ಹಾಗಾಗಿ ಮೇಲಿನ ಮಹಡಿಗಳಲ್ಲಿ ಒತ್ತಡ ನಡು ಮಹಡಿಗಿಂತ ಬಹಳ ಹೆಚ್ಚಿತ್ತು. ಫ್ಯಾನಿನವರು ಮಾಡಿದ್ದು ಸರಿ, ಬಾಗಿಲಿನವರು ಮಾಡಿದ್ದೂ ಸರಿ. ಎರಡು ಸರಿಗಳು ಸೇರಿ, ಬೆಂಕಿಯ ಹೊತ್ತಿನಲ್ಲಿ ತೆರೆಯದ ಬಾಗಿಲು ಮಾಡಿಟ್ಟಿದ್ದವು. ಹೆಚ್ಚುವರಿ ಒತ್ತಡವನ್ನು ಹೊರಬಿಡುವ ಡ್ಯಾಂಪರನ್ನು ಸರಿಹೊಂದಿಸಿ, ಮಹಡಿ ಮಹಡಿಗೆ ಗಾಳಿಯ ಗ್ರಿಲ್ ತಿದ್ದಿ, ಕ್ಲೋಸರುಗಳನ್ನು ಒಂದೊಂದಾಗಿ ಸಡಿಲಿಸಿ, ಎಲ್ಲವನ್ನೂ ಮತ್ತೆ ಅಳೆದರು. ಆ ಹೆಂಗಸು ತಾವೇ ಬಂದು ಒಂದು ಕೈಯಲ್ಲಿ ತಳ್ಳಿ ನೋಡಿದರು. ಮೀಟರಿನ ಅಂಕಿಗಿಂತ ಆ ಪರೀಕ್ಷೆ ನನಗೆ ಹೆಚ್ಚು ಸಮಾಧಾನ ಕೊಟ್ಟಿತು.

ಡೇಟಾ ಸೆಂಟರುಗಳಲ್ಲಿ ಇದೇ ವಿಷಯ ಇನ್ನೊಂದು ರೂಪದಲ್ಲಿ ಬರುತ್ತದೆ. ಕರೆಂಟು ಹೋದರೆ ಯು.ಪಿ.ಎಸ್. ಸರ್ವರುಗಳನ್ನು ಹಿಡಿದುಕೊಳ್ಳುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಜನರೇಟರ್ ಎದ್ದು ಹೊರೆ ಹೊರುತ್ತದೆ. ಆದರೆ ತಂಪು ನೀರು ಮಾಡಿಕೊಡುವ ಚಿಲ್ಲರ್ ಯಂತ್ರ ಕರೆಂಟು ತಪ್ಪಿದ ಮೇಲೆ ಕೂಡಲೇ ಏಳುವುದಿಲ್ಲ. ಅದರ ಕಂಟ್ರೋಲರ್ ಮತ್ತೆ ಶುರುವಾಗಬೇಕು, ನೀರಿನ ಹರಿವು ಖಾತ್ರಿಯಾಗಬೇಕು, ಕಂಪ್ರೆಸರ್ ನಿಧಾನಕ್ಕೆ ವೇಗ ಹಿಡಿಯಬೇಕು. ಅಷ್ಟರಲ್ಲಿ ನಿಮಿಷಗಳು ಕಳೆದಿರುತ್ತವೆ, ಸರ್ವರುಗಳು ಅಷ್ಟೂ ಹೊತ್ತು ಬಿಸಿ ಕಾರುತ್ತಲೇ ಇರುತ್ತವೆ. ಯು.ಪಿ.ಎಸ್. ಪಾಸು, ಜನರೇಟರ್ ಪಾಸು, ಚಿಲ್ಲರ್ ಪಾಸು, ರೂಮು ಮಾತ್ರ ಫೇಲು. ಆದ್ದರಿಂದಲೇ ಅಲ್ಲಿ ಪರೀಕ್ಷೆಯನ್ನು ಐದು ಹಂತಗಳಾಗಿ ಮಾಡುತ್ತಾರೆ: ಕಾರ್ಖಾನೆಯಲ್ಲಿ ಒಮ್ಮೆ, ಸೈಟಿಗೆ ಬಂದಾಗ ಒಮ್ಮೆ, ಜೋಡಿಸಿ ಚಾಲೂ ಮಾಡುವಾಗ ಒಮ್ಮೆ, ಪ್ರತಿ ವ್ಯವಸ್ಥೆಯನ್ನು ಬಿಡಿಯಾಗಿ ಒಮ್ಮೆ, ಕೊನೆಗೆ ಎಲ್ಲವನ್ನೂ ಒಟ್ಟಿಗೆ. ಐದನೆಯ ಹಂತದಲ್ಲಿ ಸರ್ವರಿನ ಬದಲು ಬಿಸಿ ಕೊಡುವ ಲೋಡ್ ಬ್ಯಾಂಕುಗಳನ್ನಿಟ್ಟು, ಹೊರಗಿನ ಕರೆಂಟನ್ನು ಬೇಕೆಂದೇ ತೆಗೆಯುತ್ತಾರೆ. ವೇಳಾಪಟ್ಟಿ ಹಿಂದೆ ಬಿದ್ದಾಗ ಎಲ್ಲರ ಕಣ್ಣು ಬೀಳುವುದು ಈ ಐದನೆಯ ಹಂತದ ದಿನಗಳ ಮೇಲೆ. ಅವನ್ನು ಬಿಟ್ಟುಕೊಡದೆ ಹಟ ಹಿಡಿಯುವುದು ಈ ವೃತ್ತಿಯ ದೊಡ್ಡ ಕರ್ತವ್ಯ ಎಂದು ನಾನು ನಂಬುತ್ತೇನೆ.

ಹಾಗೆಂದು ಕಮಿಷನಿಂಗ್ ಕಟ್ಟಡ ಮುಗಿದ ಮೇಲಿನ ಕೆಲಸವಲ್ಲ. ಪಾಯ ತೆಗೆಯುವ ಮೊದಲೇ, ಈ ಕಟ್ಟಡದಿಂದ ತನಗೆ ಏನು ಬೇಕು ಎಂದು ಮಾಲೀಕ ಬರೆದುಕೊಡಬೇಕು. "ತಂಪಾಗಿರಬೇಕು" ಎಂದರೆ ಸಾಲದು. ಎಷ್ಟು ಡಿಗ್ರಿ, ಎಷ್ಟು ಜನ ಇದ್ದಾಗ, ಹೊರಗೆ ಎಷ್ಟು ಬಿಸಿಲಿರುವಾಗ, ಕರೆಂಟು ಹೋದರೆ ಯಾವುದು ನಿಲ್ಲಬಹುದು, ಯಾವುದು ನಿಲ್ಲಕೂಡದು, ಎಲ್ಲ ಬರಬೇಕು. ವಿನ್ಯಾಸಕಾರ ಅದಕ್ಕೆ ತನ್ನ ಉತ್ತರ ಬರೆಯುತ್ತಾನೆ. ಮುಂದಿನ ಎಲ್ಲ ಪರೀಕ್ಷೆಗಳೂ ಆ ಎರಡು ದಾಖಲೆಗಳಿಂದ ಹುಟ್ಟಬೇಕು. ಬರೆದಿಲ್ಲದ್ದನ್ನು ಪರೀಕ್ಷೆ ಮಾಡಲು ಬರುವುದಿಲ್ಲ, ಕೊನೆಯಲ್ಲಿ ಬರೀ ವಾದ ಮಾಡಬಹುದು.

ಇದಕ್ಕೆಲ್ಲ ಹಣ ಏಕೆ ಎಂದು ಕೇಳುವ ಮಾಲೀಕರಿಗೆ ತೋರಿಸಲು ಒಂದು ಗಟ್ಟಿ ಅಧ್ಯಯನವಿದೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 2009ರಲ್ಲಿ 643 ಕಟ್ಟಡಗಳ ಮಾಹಿತಿ ಕಲೆಹಾಕಿತು. ಅವುಗಳಲ್ಲಿ ಸಿಕ್ಕ ದೋಷಗಳು ಹತ್ತು ಸಾವಿರಕ್ಕೂ ಹೆಚ್ಚು. ಹಳೆಯ ಕಟ್ಟಡಗಳಲ್ಲಿ ವಿದ್ಯುತ್ ಮತ್ತು ಇಂಧನದ ಉಳಿತಾಯದ ಮಧ್ಯಮ ಪ್ರಮಾಣ ಶೇಕಡ 16, ಹೊಸವುಗಳಲ್ಲಿ ಶೇಕಡ 13. ಹಳೆಯ ಕಟ್ಟಡಗಳಲ್ಲಿ ಹಾಕಿದ ದುಡ್ಡು ವಾಪಸು ಬರಲು ಸುಮಾರು ಒಂದು ವರ್ಷ, ಹೊಸವುಗಳಲ್ಲಿ ನಾಲ್ಕು ವರ್ಷಕ್ಕೆ ತುಸು ಮೇಲೆ.

ಅಳೆದು ತೋರಿಸಿದ ಉಳಿತಾಯಕ್ಕೆ ನಮ್ಮ ಹತ್ತಿರದ ಉದಾಹರಣೆಯೂ ಇದೆ. ಬೆಂಗಳೂರಿನ ಇನ್ಫೋಸಿಸ್ ತನ್ನ ಹೈದರಾಬಾದ್ ಆವರಣದ ಒಂದು ಕಟ್ಟಡವನ್ನು ಎರಡು ಸಮ ಭಾಗ ಮಾಡಿ, ಒಂದಕ್ಕೆ ದಕ್ಷವಾದ ಮಾಮೂಲಿ ಹವಾನಿಯಂತ್ರಣ, ಇನ್ನೊಂದಕ್ಕೆ ಕಾಂಕ್ರೀಟ್ ಚಪ್ಪಡಿಯೊಳಗೆ ತಂಪು ನೀರು ಹರಿಸುವ ಪದ್ಧತಿ ಹಾಕಿತು. ಎರಡನೆಯದು ಶೇಕಡ 34ರಷ್ಟು ಕಡಿಮೆ ವಿದ್ಯುತ್ ಬಳಸಿತೆಂಬ ವರದಿ 2014ರಲ್ಲಿ ಆಶ್ರೇ ನಿಯತಕಾಲಿಕೆಯಲ್ಲಿ ಬಂತು. ಇಂಥ ಚಪ್ಪಡಿಯಲ್ಲೂ ಅಪಾಯ ಇರುವುದು ನಡುವೆಯೇ. ಒಳಗೆ ಬಿಡುವ ಗಾಳಿ ಸಾಕಷ್ಟು ಒಣಗಿರದಿದ್ದರೆ ತಂಪು ಚಾವಣಿಯಲ್ಲಿ ಮಂಜುನೀರು ಕಟ್ಟಿ ತೊಟ್ಟಿಕ್ಕುತ್ತದೆ. ಗಾಳಿಯ ವ್ಯವಸ್ಥೆಯೂ ನೀರಿನ ವ್ಯವಸ್ಥೆಯೂ ಮಳೆಗಾಲದಲ್ಲಿ ಒಂದನ್ನೊಂದು ಕೇಳಿ ನಡೆಯುತ್ತವೆಯೇ ಎಂದು ನೋಡದೆ ಅದನ್ನು ಒಪ್ಪಿಸುವಂತಿಲ್ಲ.

ಈ ಕೆಲಸಕ್ಕೆ ಸೇರುವುದು ಹೇಗೆ? ಕಾಲೇಜು ಮುಗಿಸಿ ನೇರವಾಗಿ ಕಮಿಷನಿಂಗ್ ಸಂಸ್ಥೆಗೆ ಹೋಗುವವರೂ ಇದ್ದಾರೆ. ಆದರೆ ನಾನು ಕಂಡ ಒಳ್ಳೆಯವರಲ್ಲಿ ಹೆಚ್ಚಿನವರು ಮೊದಲು ಕೈಕೆಲಸ ಮಾಡಿ ಬಂದವರು. ಕೆಲವರು ಐ.ಟಿ.ಐ.ನಲ್ಲಿ ರೆಫ್ರಿಜರೇಷನ್ ಕಲಿತು ಚಿಲ್ಲರ್ ಸರ್ವಿಸಿಗೆ ಸೇರಿದ್ದವರು, ಕೆಲವರು ಡಿಪ್ಲೊಮಾ ಮುಗಿಸಿ ಗಾಳಿ ನೀರಿನ ಹರಿವು ಅಳೆದು ಹೊಂದಿಸುವ ತಂಡದಲ್ಲಿದ್ದವರು, ಇನ್ನು ಕೆಲವರು ಕಟ್ಟಡದ ಯಂತ್ರಗಳನ್ನು ನಿಯಂತ್ರಿಸುವ ಬಿ.ಎಂ.ಎಸ್. ವ್ಯವಸ್ಥೆಯ ಪ್ಯಾನೆಲ್‌ಗಳಿಗೆ ವೈರ್ ಎಳೆದವರು. ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದರೆ ನಾನು ಬಿ.ಎಂ.ಎಸ್. ಎನ್ನುತ್ತೇನೆ, ಕಟ್ಟಡದ ಎಲ್ಲ ವ್ಯವಸ್ಥೆಗಳೂ ಒಂದು ಕಡೆ ಕೂಡುವುದು ಅಲ್ಲಿಯೇ. ಯಾವ ದಾರಿಯಿಂದ ಬಂದರೂ ಪಕ್ಕದವರ ಕೆಲಸ ಕಲಿಯಲೇಬೇಕು. ಮೆಕ್ಯಾನಿಕಲ್ ಓದಿದವರಿಗೆ ವೈರಿಂಗ್ ನಕ್ಷೆ ಓದಲು ಬರಬೇಕು, ಎಲೆಕ್ಟ್ರಿಕಲ್ ಓದಿದವರಿಗೆ ಪಂಪಿನ ಕರ್ವ್ ತಿಳಿಯಬೇಕು. 1981ರಲ್ಲಿ ಶುರುವಾದ ಭಾರತದ ಹವಾನಿಯಂತ್ರಣ ಎಂಜಿನಿಯರುಗಳ ಸಂಸ್ಥೆ ಇಶ್ರೇಗೆ ಕಾಲೇಜುಗಳಲ್ಲೂ ಘಟಕಗಳಿವೆ, ವಿದ್ಯಾರ್ಥಿಗಳು ಅಲ್ಲಿಂದ ಶುರುಮಾಡಬಹುದು. ಆಶ್ರೇಯ ಬಿ.ಸಿ.ಎಕ್ಸ್.ಪಿ., 1998ರಲ್ಲಿ ಹುಟ್ಟಿದ ಬಿಲ್ಡಿಂಗ್ ಕಮಿಷನಿಂಗ್ ಅಸೋಸಿಯೇಷನ್ನಿನ ಸಿ.ಸಿ.ಪಿ. ಮುಂತಾದ ಪ್ರಮಾಣಪತ್ರಗಳು ಅನುಭವವಾದ ಮೇಲೆ ಮಾಡಿಕೊಳ್ಳುವಂಥವು. ಮೊದಲ ವರ್ಷದಲ್ಲಿ ಅವುಗಳ ಹಿಂದೆ ಓಡಬೇಕಿಲ್ಲ.

ಮೊದಲ ವರ್ಷದಲ್ಲಿ ಬೇಕಾದದ್ದು ಅಭ್ಯಾಸಗಳು. ಪ್ಯಾನೆಲ್ ಮುಂದೆ ನಿಂತರೆ ಮೊದಲು ಸ್ವಿಚ್ ಆಟೋದಲ್ಲಿದೆಯೋ ಹ್ಯಾಂಡಿನಲ್ಲಿದೆಯೋ ನೋಡುವುದು. ಪರದೆ ತೋರಿಸುವ ಅಂಕಿಯನ್ನು ನಂಬುವ ಮೊದಲು ಆ ಸೆನ್ಸರ್ ಎಲ್ಲಿದೆ ಎಂದು ಹುಡುಕಿ, ತಾನು ತಂದ ಥರ್ಮಾಮೀಟರನ್ನು ಪಕ್ಕದಲ್ಲಿಟ್ಟು ತಾಳೆ ನೋಡುವುದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಶೇಕಡ ಹತ್ತರಷ್ಟು ತೆಳು. ಸಮುದ್ರ ಮಟ್ಟದ ಕೋಷ್ಟಕ ಹಿಡಿದು ಮಂಗಳೂರಿನ ಲೆಕ್ಕವನ್ನೇ ಇಲ್ಲಿಗೆ ಹಾಕಿದರೆ ಗಾಳಿ ಹೊತ್ತೊಯ್ಯುವ ಶಾಖದ ಲೆಕ್ಕ ತಪ್ಪುತ್ತದೆ.

ದೋಷಪಟ್ಟಿ ಬರೆಯುವುದೂ ಒಂದು ವಿದ್ಯೆ. ಗಾಳಿಯನ್ನು ತಂಪುಮಾಡಿ ಒಳಗೆ ಕಳಿಸುವ ಯಂತ್ರದ ಬಗ್ಗೆ ಬರೀ "ಎ.ಎಚ್.ಯು. ಸರಿಯಿಲ್ಲ" ಎಂದು ಬರೆದರೆ ಯಾರೂ ಏನೂ ಮಾಡಲಾರರು. "ಮೂರನೇ ಮಹಡಿ ಪೂರ್ವದ ಎ.ಎಚ್.ಯು.: ವಾಲ್ವ್ ಪೂರ್ತಿ ಮುಚ್ಚಿದೆ ಎಂದು ಬಿ.ಎಂ.ಎಸ್. ತೋರಿಸುತ್ತಿದೆ, ಕಾಯಿಲ್‌ನಿಂದ ಬರುವ ಗಾಳಿ ಇನ್ನೂ ತಣ್ಣಗಿದೆ" ಎಂದು ಬರೆದರೆ ಫಿಟ್ಟರ್ ನೇರ ಅಲ್ಲಿಗೇ ಹೋಗುತ್ತಾನೆ. ಯಾರ ತಪ್ಪು ಎನ್ನುವುದು ಆ ಸಾಲಿನಲ್ಲಿ ಬರಬಾರದು. ಫಿಟ್ಟರನ್ನು ಎಲ್ಲರ ಮುಂದೆ ಕೆಳಗೆ ಹಾಕಿ ಮಾತಾಡಿದವನಿಗೆ ಮರುದಿನದಿಂದ ಯಾರೂ ನಿಜ ಹೇಳುವುದಿಲ್ಲ. ಸೈಟಿನಲ್ಲಿ ಅರ್ಧ ಮಾಹಿತಿ ಬರುವುದು ಫಿಟ್ಟರುಗಳಿಂದ ಮತ್ತು ಮೇಸ್ತ್ರಿಗಳಿಂದ. ಹಾಗೆಯೇ, ಕಮಿಷನಿಂಗ್ ಮಾಡುವವರ ವರದಿ ನೇರವಾಗಿ ಮಾಲೀಕನಿಗೆ ಹೋಗಬೇಕು. ಪರೀಕ್ಷೆಗೆ ಒಳಗಾಗುವ ಗುತ್ತಿಗೆದಾರನೇ ಪರೀಕ್ಷೆ ಮಾಡುವವರಿಗೆ ಸಂಬಳ ಕೊಡುವ ಏರ್ಪಾಡು ಇದ್ದಲ್ಲಿ, ಕೆಲಸ ಒಪ್ಪಿಕೊಳ್ಳುವ ಮೊದಲೇ ಅದನ್ನು ಬಿಚ್ಚಿ ಮಾತಾಡಬೇಕು.

ಹ್ಯಾಂಡ್‌ಓವರ್ ಆದ ಮೇಲೂ ಒಂದು ಭೇಟಿ ಬಾಕಿ ಇರುತ್ತದೆ. ಡಿಸೆಂಬರಿನಲ್ಲಿ ಒಪ್ಪಿಸಿದ ಕಟ್ಟಡದ ಚಿಲ್ಲರುಗಳಿಗೆ ನಿಜವಾದ ಪರೀಕ್ಷೆ ಏಪ್ರಿಲಿನಲ್ಲಿ. ಅದಕ್ಕೇ ಬಿಸಿಲುಗಾಲದ ಪರೀಕ್ಷೆಯನ್ನು ಬೇರೆಯಾಗಿ ಇಟ್ಟುಕೊಳ್ಳುತ್ತಾರೆ, ವಾರಂಟಿ ಮುಗಿಯುವ ಮೊದಲು, ಹತ್ತನೇ ತಿಂಗಳ ಹೊತ್ತಿಗೆ, ಮತ್ತೊಮ್ಮೆ ಹೋಗುತ್ತಾರೆ. ಆಗ ನೋಡಬೇಕಾದದ್ದು ಆಟೋದಿಂದ ಹ್ಯಾಂಡಿಗೆ ತಿರುಗಿದ ಸ್ವಿಚ್ಚುಗಳನ್ನು, ತೆರೆದುಬಿಟ್ಟ ಬೈಪಾಸ್ ವಾಲ್ವುಗಳನ್ನು. ಅವನ್ನು ತಿರುಗಿಸಿದವರನ್ನು ಗದರಿಸುವ ಬದಲು, ರಾತ್ರಿ ಪಾಳಿಯ ಟೆಕ್ನೀಷಿಯನ್ ಜೊತೆ ಕೂತು ಏಕೆ ತಿರುಗಿಸಿದಿರಿ ಎಂದು ಕೇಳಬೇಕು. ಬಹಳ ಸಲ ಅವರ ಬಳಿ ಒಳ್ಳೆಯ ಕಾರಣ ಇರುತ್ತದೆ: ಒಂದು ಮೂಲೆಯ ಮೀಟಿಂಗ್ ರೂಮಿನಿಂದ ಮಧ್ಯಾಹ್ನದ ಮೇಲೆ ದಿನವೂ ದೂರು ಬರುತ್ತಿರುತ್ತದೆ, ಆ ರೂಮಿನ ಸೆನ್ಸರ್ ಪಶ್ಚಿಮದ ಗಾಜಿನಿಂದ ದೂರ, ನೆರಳಿನ ಗೋಡೆಯ ಮೇಲೆ ಇರುತ್ತದೆ. ಸೆನ್ಸರನ್ನು ಸರಿಯಾದ ಗೋಡೆಗೆ ಬದಲಿಸಿ, ವಾರವೊಂದರ ಟ್ರೆಂಡ್ ಲಾಗ್ ತೆಗೆದು ನೋಡಿ, ಆಮೇಲೆ ಅವರ ಕೈಯಲ್ಲೇ ಸ್ವಿಚ್ಚನ್ನು ಆಟೋಗೆ ಹಾಕಿಸಬೇಕು.