ವ್ಯಾಟ್ ಹೆಚ್ಚಾದರೆ ಪರದೆಯ ಬೆಳಕೂ ಹೆಚ್ಚೇ?

ಬೋಧನಾಭ್ಯಾಸಕ್ಕೆ ಕಮಲಾಪುರದ ಪ್ರೌಢಶಾಲೆಗೆ ಹೋಗಿದ್ದಾಗ ಹತ್ತನೆಯ ತರಗತಿಗೆ ವಿದ್ಯುತ್ ಸಾಮರ್ಥ್ಯದ ಪಾಠ ಮಾಡಿದೆ. 'ವ್ಯಾಟ್ ಹೆಚ್ಚಿದ್ದರೆ ಬೆಳಕೂ ಹೆಚ್ಚು' ಎಂದು ಕಪ್ಪುಹಲಗೆಯ ಮೇಲೆ ಬರೆದೆ. ಹಳೆಯ 16 ಎಂ.ಎಂ. ಸಿನಿಮಾ ಪ್ರೊಜೆಕ್ಟರ್‌ಗಳಲ್ಲಿ 750 ವ್ಯಾಟ್ ಬಲ್ಬು, ನಂತರದವುಗಳಲ್ಲಿ 250 ವ್ಯಾಟ್ ಹ್ಯಾಲೊಜನ್ ಎಂದು ಉದಾಹರಣೆ ಕೊಟ್ಟೆ.

"ಹಂಗಾದ್ರ ಕಡಿಮಿ ಬೆಳಕಿನ ಬಲ್ಬು ಯಾಕ ಹಾಕಿದ್ರು, ಸರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಮರುದಿನ ಕೋಣೆ ಕತ್ತಲು ಮಾಡಿ, 40 ವ್ಯಾಟಿನ ಎರಡು ಬಲ್ಬುಗಳ ನಡುವೆ ಎಣ್ಣೆ ಕಲೆಯ ಬಿಳಿ ಕಾಗದ ಹಿಡಿದೆವು. ಸರಿಯಾಗಿ ಮಧ್ಯದಲ್ಲಿ ಕಲೆ ಮಾಯವಾಯಿತು. ಎರಡೂ ಕಡೆಯ ಬೆಳಕು ಸಮ. ಒಂದು ಬಲ್ಬಿನ ಹಿಂದೆ ಹೊಳೆಯುವ ಸ್ಟೀಲ್ ಬಟ್ಟಲು ಇಟ್ಟಾಗ ಕಲೆ ಮತ್ತೆ ಕಂಡಿತು. ಅದನ್ನು ಮರೆಮಾಡಲು ಕಾಗದವನ್ನು ಇನ್ನೊಂದು ಬಲ್ಬಿನ ಕಡೆಗೆ ಸರಿಸಬೇಕಾಯಿತು. ವ್ಯಾಟ್ ಅಷ್ಟೇ, ಕಾಗದದ ಮೇಲೆ ಬಿದ್ದ ಬೆಳಕು ಹೆಚ್ಚು.

ವ್ಯಾಟ್ ಹೇಳುವುದು ಬಲ್ಬು ಸೆಕೆಂಡಿಗೆ ಬಳಸುವ ಶಕ್ತಿಯನ್ನು ಮಾತ್ರ. ಪ್ರೊಜೆಕ್ಟರಿನಲ್ಲಿ ಲೆಕ್ಕಕ್ಕೆ ಬರುವುದು ಸುಮಾರು 10 ಮಿ.ಮೀ. ಅಗಲದ ಫಿಲ್ಮ್ ಚೌಕಟ್ಟನ್ನು ದಾಟುವ ಬೆಳಕು. ಹ್ಯಾಲೊಜನ್ ಬಲ್ಬಿನ ತಂತುಸುರುಳಿ ಚಿಕ್ಕದು, ಹೆಚ್ಚು ಬಿಸಿಯಾದದ್ದು. ಹಿಂದಿನ ಪ್ರತಿಫಲಕ ಬೆಳಕನ್ನು ಆ ಚೌಕಟ್ಟಿಗೇ ಕೂಡಿಸುತ್ತದೆ.

ಹಲಗೆಯ ವಾಕ್ಯವನ್ನು ಮಕ್ಕಳೆದುರಿಗೇ ತಿದ್ದಿದೆ: 'ಒಂದೇ ಬಗೆಯ ಬಲ್ಬುಗಳಾದರೆ ಮಾತ್ರ.' ಪಾಠಯೋಜನೆಯಲ್ಲಿ ಆ ವಿದ್ಯಾರ್ಥಿನಿಯ ಪ್ರಶ್ನೆಯೇ ಈಗ ಪೀಠಿಕೆ.